ಹಿಟ್ಟೋ ಹೊಗೆಯೋ

ವಲೋಂಗು, ೯ ಏಪ್ರಿಲ್ ೧೯೯೭

ಮಗಳೇ ನೊಯೆಮಿಯಾ,

ನಿನ್ನ ಅಪ್ಪ ಬದುಕಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಮ್ಮ ನಿನಗೆ ಫೋನಿನಲ್ಲಿ ಏನೇನು ಹೇಳಿ ಅತ್ತಿದ್ದಾಳೋ ನನಗೆ ಗೊತ್ತಿಲ್ಲ. ನಾನು ಫೋನು ಮುಟ್ಟುವ ಹಾಗಿಲ್ಲ. ಅದು ಅಂಗಡಿಯ ಗಲ್ಲಾದ ಪಕ್ಕ ಇದೆ. ನಾಲ್ಕು ಮಾತಾಡುವಷ್ಟರಲ್ಲಿ ಕೆಮ್ಮು ಬರುತ್ತದೆ, ಬ್ರೆಡ್ಡಿಗೆ ಬಂದ ಹೆಂಗಸರು ಬ್ರೆಡ್ಡು ಬಿಟ್ಟು ನನ್ನ ಬಾಯಿ ನೋಡುತ್ತಾರೆ. ಕೆಮ್ಮುವವನ ಕೈಯ ಬ್ರೆಡ್ಡು ಯಾರು ತಿನ್ನುತ್ತಾರೆ ಹೇಳು. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನವನ ಅಕ್ಷರ, ಸಾವಕಾಶ ಓದಿಕೋ.

ಈಸ್ಟರಿನ ಹಿಂದಿನ ದಿನ ಆದದ್ದು. ಮಾರನೆಯ ದಿನ ಪಾದ್ರಿ ಶಿಲುಬೆ ತೆಗೆದುಕೊಂಡು, ಗಂಟೆ ಬಾರಿಸಿಕೊಂಡು ಮನೆಮನೆಗೆ ಬರುವವರು. ಯಾರ ಮನೆಯ ನೆಲ ಎಷ್ಟು ಬೆಳ್ಳಗಿದೆ ಅಂತ ಪಾದ್ರಿ ನೋಡುವುದಿಲ್ಲ, ಅಕ್ಕಪಕ್ಕದವರು ನೋಡುತ್ತಾರೆ. ಅಮ್ಮನ ಮಣಿಕಟ್ಟು ಉಳುಕಿತ್ತು. ಮದುವೆಯಾದ ಮೇಲೆ ಮೊದಲ ಸಲ ನಾನು ಬ್ರಷ್ಷು ಹಿಡಿದೆ. ಬ್ರೆಡ್ಡು ಬೇಯಿಸುವ ಭಟ್ಟಿ ಕೋಣೆಯ ನೆಲ ನಿನಗೆ ಗೊತ್ತಲ್ಲ, ಮಸಿ. ಬ್ಲೀಚ್ ಸುರಿದೆ, ಜಗ್ಗಲಿಲ್ಲ. ಮೂಲೆಯಲ್ಲಿ ಆಸಿಡ್ ಬಾಟಲಿ ಕಂಡಿತು. ಒಂದರಿಂದ ಆಗದ್ದು ಎರಡೂ ಸೇರಿದರೆ ಆಗದೇ ಇರುತ್ತದೆಯೇ ಅಂತ ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದೆ. ಚಳಿ ಅಂತ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ್ದೆ. ಬಕೆಟ್ಟಿನಿಂದ ಹಳದಿ ಹೊಗೆ ಎದ್ದಿತು. ಕಣ್ಣು, ಗಂಟಲು, ಎದೆ, ಎಲ್ಲ ಒಟ್ಟಿಗೆ ಹೊತ್ತಿಕೊಂಡ ಹಾಗಾಯಿತು.

ಅಮ್ಮ ಕಾಲರ್ ಹಿಡಿದು ಅಂಗಳಕ್ಕೆ ಎಳೆದು ಹಾಕಿದಳು. "ಅಯ್ಯೋ ಮಾರಾಯ, ನೆಲ ತೊಳಿ ಅಂದ್ರೆ ನಿನ್ನ ಜೀವಾನೇ ತೊಳ್ಕೊಂಡ್ಯಲ್ಲೋ!"

"ಬೆಳ್ಳಗಾಯ್ತಾ?" ಅಂತ ಕೇಳಿದೆನಂತೆ ನಾನು.

ಬೆಳ್ಳಗಾಗಿತ್ತು. ಶಿಲುಬೆ ಬಂತು, ಮುತ್ತಿಟ್ಟೆ, ಪಾದ್ರಿಯ ಮೇಲೇ ಕೆಮ್ಮಿದೆ. ಅಲ್ಲಿಂದ ಇಲ್ಲಿಯವರೆಗೆ ಎದೆ ಬಿಗಿದೇ ಇದೆ. ಮೆಟ್ಟಿಲು ಹತ್ತಿದರೆ ಒಳಗೆ ಬೆಕ್ಕಿನ ಮರಿ ಕೂಗುತ್ತದೆ.

ನಮ್ಮೂರ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದ ಮೇಲೆ ಅಂದರು, "ಉಬ್ಬಸ ಕಣಯ್ಯಾ ಝೆಫೆರೀನು. ಬೇಕರಿಯವರಿಗೆ ಹಿಟ್ಟು ಒಗ್ಗದೆ ಬರುತ್ತಲ್ಲ, ಅದಿರಬಹುದು."

"ಹೊಗೆ ಕುಡಿದದ್ದು ಕಣ್ಣೆದುರಿಗೇ ಇದೆಯಲ್ಲ ಡಾಕ್ಟ್ರೇ."

"ಹೊಗೆ ಈಗ ಬಂತು. ಹಿಟ್ಟು ಒಳಗೊಳಗೇ ಮೊದಲಿಂದ ಕೆಲಸ ಮಾಡ್ತಾ ಇದ್ರೆ? ಹಿಟ್ಟೇ ಆದ್ರೆ ಭಟ್ಟಿ ಬಿಡಬೇಕಾಗುತ್ತೆ. ಪೋರ್ತೊಗೆ ಹೋಗಿ ತೋರಿಸ್ಕೋ."

ಭಟ್ಟಿ ಬಿಟ್ಟು ನಾನು ಏನು ಮಾಡಲಿ ಮಗಳೇ? ಫುಟ್ಬಾಲ್ ಆಡೋಣ ಅಂದರೆ ಹೊಟ್ಟೆ ಚೆಂಡಿಗಿಂತ ಮುಂದೆ ಓಡುತ್ತದೆ.

ಈ ಮನೆಯಲ್ಲಿ ಹಿಟ್ಟಿನ ಉಬ್ಬಸ ಕಂಡವಳು ನೀನೊಬ್ಬಳೇ. ನಿನ್ನದು ಹೇಗೆ ಶುರುವಾಯಿತು, ಬರೆ. ನಿಮ್ಮದು ಇದಲ್ಲ ಅಪ್ಪಾ ಅಂತ ಬರೆದರೆ ಇನ್ನೂ ಸಂತೋಷ.

ಊರಿನಲ್ಲೇ ಅತಿ ಬೆಳ್ಳನೆಯ ನೆಲದ ಯಜಮಾನ,
ನಿನ್ನ ಅಪ್ಪ ಝೆಫೆರೀನು


ಸೆತೂಬಲ್, ೧೮ ಏಪ್ರಿಲ್

ಅಪ್ಪಾ,

ನಿಮ್ಮ ಕಾಗದವನ್ನು ಚಪ್ಪಲಿ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದೆ. ಮೊದಲು ನಕ್ಕೆ. ಅಂಗಳದಲ್ಲಿ ಬಿದ್ದ ಜಾಗಕ್ಕೆ ಬಂದಾಗ ನಗು ನಿಂತಿತು.

ನನ್ನದು ಎದೆಯಿಂದ ಶುರುವಾಗಲಿಲ್ಲ, ಮೂಗಿನಿಂದ. ಸ್ಕೂಲು ಬಿಟ್ಟು ನಿಮ್ಮ ಜೊತೆ ಹಿಟ್ಟು ನಾದಲು ನಿಂತ ಮೇಲೆ. ಬೆಳಿಗ್ಗೆ ಸೀನು, ಕಣ್ಣಿನ ತುರಿಕೆ. ನೀವು ನನ್ನನ್ನು ಬೇಕರಿಯ ಸೈರನ್ ಅನ್ನುತ್ತಿದ್ದಿರಿ, ನೆನಪಿದೆಯಾ? ಒಂದು ವರ್ಷವಾದ ಮೇಲೆ ಅದು ಎದೆಗೆ ಇಳಿಯಿತು. ಭಾನುವಾರ ಬೇಕರಿ ಮುಚ್ಚಿದರೆ ಸಂಜೆಗೆ ಉಸಿರು ಸಡಿಲ, ಸೋಮವಾರ ಮೂಟೆ ಬಿಚ್ಚಿದ ಕೂಡಲೇ ಮತ್ತೆ ಬಿಗಿ. ಇಲ್ಲಿ ಚಿಕ್ಕಮ್ಮನ ಮನೆಗೆ ಬಂದು ಇನ್ಹೇಲರ್ ಎಳೆಯಲು ಶುರು ಮಾಡಿದ ಮೇಲೆ ಮಾಯವಾಯಿತು. ಆದರೆ ಊರಿಗೆ ಬಂದು ನಮ್ಮ ಮಹಡಿಯಲ್ಲಿ ಮಲಗಿದರೆ ಇವತ್ತಿಗೂ ಬರುತ್ತದೆ. ಕೆಳಗೆ ನೀವು ಹಿಟ್ಟು ಜರಡಿ ಹಿಡಿದರೆ ಅದು ಹಲಗೆಯ ಸಂದಿಯಿಂದ ಮೇಲೆ ಏಳುತ್ತದೆ. ಅದಕ್ಕೇ ಅಲ್ಲವೇ ಅಪ್ಪಾ, ಬಂದಾಗಲೆಲ್ಲ ನಾನು ಎದುರುಮನೆ ಅಡೊಸಿಂಡ ಅತ್ತೆಯ ಹತ್ತಿರ ಮಲಗುವುದು? ಮಗಳಿಗೆ ಮಹಡಿ ಸಾಲದು ಅಂತ ನೀವು ಅಂಗಡಿಯಲ್ಲಿ ಹೇಳಿ ನಗಿಸುತ್ತೀರಂತೆ.

ನಿಮ್ಮದು ಒಂದೇ ದಿನದಲ್ಲಿ ಬಂತು ಅನ್ನುತ್ತೀರಿ. ಹಾಗಿದ್ದರೆ ನನ್ನ ಹಾಗಲ್ಲ. ಆದರೆ ಕ್ರಿಸ್‌ಮಸ್ಸಿಗೆ ಫೋನು ಮಾಡಿದಾಗಲೇ ನೀವು ಕೆಮ್ಮುತ್ತಿದ್ದಿರಿ. ಆಗ ಯಾವ ಬಕೆಟ್ಟೂ ಇರಲಿಲ್ಲ. ಅದು ಏನು? ತಮಾಷೆ ಮಾಡದೆ ಒಂದು ಸಾಲು ಬರೆಯಿರಿ.

ನೊಯೆಮಿಯಾ


ವಲೋಂಗು, ೧೨ ಮೇ

ಮಗಳೇ,

ಪೋರ್ತೊದ ಆಸ್ಪತ್ರೆಗೆ ಹೋಗಿ ಬಂದೆ. ಡಾಕ್ಟ್ರಮ್ಮನ ಹೆಸರು ಪೆನೇಡು. ತೂಕದಲ್ಲಿ ನನ್ನ ಅರ್ಧ ಇದ್ದಾರೆ, ಆದರೆ ಅವರು ಊದು ಅಂದರೆ ಊದಬೇಕು, ಉಗುಳು ಅಂದರೆ ಉಗುಳಬೇಕು. ಇಷ್ಟು ವಿಧೇಯನಾಗಿ ನಾನು ಅಮ್ಮನ ಹತ್ತಿರವೂ ಇದ್ದಿಲ್ಲ.

ಅವರು ಮಾಡುತ್ತಿರುವುದು ಇದೇ ಕೆಲಸವಂತೆ. ಎರಡು ಥರದ ಉಬ್ಬಸ ಪಕ್ಕಪಕ್ಕ ಇಟ್ಟು ನೋಡುವುದು.

"ಉಸಿರಿನ ಕೊಳವೆ ಊದಿಕೊಳ್ಳೋಕೆ ಎರಡು ದಾರಿ ಇದೆ, ಝೆಫೆರೀನೋರೇ," ಅಂದರು. "ಒಂದು, ನಿಮ್ಮ ಮೈ ಹಿಟ್ಟನ್ನ ಶತ್ರು ಅಂತ ಗುರುತು ಹಿಡಿದು ಇಟ್ಕೊಳ್ಳೋದು. ಅದಕ್ಕೆ ತಿಂಗಳು, ವರ್ಷ ಬೇಕು. ಗುರುತು ಸಿಕ್ಕಿದ ಮೇಲೆ ಚಿಟಿಕೆ ಹಿಟ್ಟು ಸಾಕು, ಜಗಳ ಶುರು. ಇನ್ನೊಂದು ಸುಟ್ಟ ಗಾಯ. ಅದಕ್ಕೆ ಗುರುತು ಪರಿಚಯ ಏನೂ ಬೇಡ. ಕೆಟ್ಟ ಹೊಗೆ ಒಳಗೆ ಹೋಗಿ ಪದರಾನೇ ಸುಟ್ಟುಬಿಡುತ್ತೆ."

"ಅಂದ್ರೆ ಮೊದಲನೇದು ಹೆಂಡತಿ ಕಡೆ ನೆಂಟರ ಜೊತೆ ಜಗಳ. ಎರಡನೇದು ಲಾರಿ ಗುದ್ದಿದ್ದು," ಅಂದೆ.

ಡಾಕ್ಟ್ರಮ್ಮ ನಗಲಿಲ್ಲ. ಬರೆದುಕೊಂಡರು.

ಹೊರಗಿನಿಂದ ಎರಡಕ್ಕೂ ಅದೇ ಕೆಮ್ಮು, ಅದೇ ಸುಂಯ್ ಸುಂಯ್. ಒಳಗೆ ಯಾರು ಬಂದು ಕೂತಿದ್ದಾರೆ ಅಂತ ಕಫದಲ್ಲಿ ನೋಡಬೇಕಂತೆ. ಹಿಟ್ಟಿನ ಉಬ್ಬಸವಾದರೆ, ಬಣ್ಣ ಹಾಕಿದಾಗ ಕೆಂಪು ಕಾಳು ತುಂಬಿದ ಹಾಗೆ ಕಾಣುವ ಕಣಗಳು ಹೆಚ್ಚು. ಸುಟ್ಟದ್ದಾದರೆ ಸಾಮಾನ್ಯವಾಗಿ ಬೇರೆಯವು, ಗಾಯದಲ್ಲಿ ಕೀವಿನ ಜೊತೆ ಬರುವಂಥವು. ಕೆಲವರಲ್ಲಿ ಎರಡೂ ಬೆರೆತಿರುತ್ತವೆ, ಅದಕ್ಕೇ ಒಂದು ಸಲ ನೋಡಿದರೆ ಸಾಲದು. ಈಗ ನಾನು ಎರಡು ವಾರ ಎಂದಿನಂತೆ ಹಿಟ್ಟಿನಲ್ಲಿ ಕೆಲಸ ಮಾಡಬೇಕು. ಆಮೇಲೆ ಉಪ್ಪುನೀರಿನ ಆವಿ ಎಳೆದು ಕಫ ಕೊಡಬೇಕು. ಆಮೇಲೆ ಎರಡು ವಾರ ಹಿಟ್ಟಿನಿಂದ ದೂರ, ಮತ್ತೆ ಕಫ. ಹಿಟ್ಟಿನಲ್ಲಿದ್ದಾಗ ಕೆಂಪು ಹೆಚ್ಚಿ, ದೂರವಿದ್ದಾಗ ಇಳಿದರೆ ನನ್ನ ಕಥೆ ಮುಗಿಯಿತು. ಭಟ್ಟಿಗೆ ಬೀಗ.

ಮುಂಗೈಗೆ ಹಿಟ್ಟಿನ ರಸ ಚುಚ್ಚಿಯೂ ನೋಡಿದರು. ಗೋದಿಗೆ ಏನೂ ಆಗಲಿಲ್ಲ. ಕಪ್ಪು ಬ್ರೆಡ್ಡಿಗೆ ಹಾಕುವ ರೈ ಹಿಟ್ಟಿನ ರಸ ಚುಚ್ಚಿದ ಜಾಗ ಸ್ವಲ್ಪ ಕೆಂಪಾಯಿತು. ಡಾಕ್ಟ್ರಮ್ಮ ಸ್ಕೇಲಿಟ್ಟು ಅಳೆದರು. "ಏನಮ್ಮಾ?" ಅಂದೆ. "ನೋಡೋಣ," ಅಂದರು. ಬಸ್ಸಿನಲ್ಲಿ ಬರುವಾಗ ಆ ಚುಕ್ಕೆಯನ್ನು ಅಂಗಿಯ ತೋಳು ಮಡಚಿ ಮಡಚಿ ನೋಡಿದೆ. ಪಕ್ಕದಲ್ಲಿ ಕೂತ ಮುದುಕಿ ಸೊಳ್ಳೆ ಅಂದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕು.

ನಿನ್ನ ಕಫವೂ ಬೇಕಂತೆ, ಪಕ್ಕದಲ್ಲಿಟ್ಟು ನೋಡಲು. ಅಪ್ಪ ಮಗಳ ಜೋಡಿ ಅವರಿಗೆ ಇದುವರೆಗೆ ಸಿಕ್ಕಿಲ್ಲವಂತೆ. ಬರುತ್ತೀಯಾ?

ಕ್ರಿಸ್‌ಮಸ್ಸಿನ ವಿಷಯ ಮುಂದಿನ ಸಲ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ.

ಅಪ್ಪ


ವಲೋಂಗು, ೩೦ ಮೇ

ನೊಯೆಮಿಯಾ,

ನಾನು ಕಾಗದ ಬರೆಯುವವಳಲ್ಲ ಅಂತ ನಿನಗೆ ಗೊತ್ತು. ಬರೆಯುತ್ತಿದ್ದೇನೆ ಅಂದರೆ ತಡೆಯಲಾಗುತ್ತಿಲ್ಲ.

ಅಪ್ಪ ಡಾಕ್ಟ್ರಮ್ಮನಿಗೆ ಮೋಸ ಮಾಡಿದ್ದಾನೆ. ಎರಡು ವಾರ ಹಿಟ್ಟಿನಲ್ಲಿ ಕೆಲಸ ಮಾಡು ಅಂದರೆ, ಕೆಳಬೀದಿಯಿಂದ ಒಬ್ಬ ಆಳನ್ನು ಕರೆಸಿ ನಾದಲು ನಿಲ್ಲಿಸಿ ತಾನು ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡಿಕೊಂಡಿದ್ದ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ತೋಳಿಗೆ, ಹುಬ್ಬಿಗೆ ಹಿಟ್ಟು ಬಳಿದುಕೊಂಡು ಬಸ್ಸು ಹತ್ತಿದ. "ಇದೇನೋ ಇದು, ನಾಟಕಕ್ಕೆ ಹೊರಟ್ಯಾ?" ಅಂದೆ. "ಸುಮ್ನಿರು ಅಲ್ಬೆರ್ತೀನ, ಕಫದಲ್ಲಿ ಹಿಟ್ಟಿನ ಗುರುತು ಸಿಗಬಾರದು, ಡಾಕ್ಟ್ರಮ್ಮನ ಕಣ್ಣಿಗೆ ಬೀಳಬೇಕು," ಅಂದ. ಕೈಯ ಮೇಲೆ ಆ ರೈ ಚುಕ್ಕೆ ಎದ್ದ ದಿನದಿಂದ ಅವನು ಹೆದರಿದ್ದಾನೆ. ಜೋರಾಗಿ ನಗುತ್ತಾನೆ, ಊಟ ಅರ್ಧಕ್ಕೆ ಬಿಡುತ್ತಾನೆ.

ನನಗೆ ಅರ್ಥವಾಗದ್ದು ಇನ್ನೊಂದಿದೆ. ಹಿಟ್ಟಿನ ಮುಖ ನೋಡದಿದ್ದರೂ ಅವನ ಎದೆ ಕೂಗುವುದು ಒಂದು ಚೂರೂ ಕಡಿಮೆಯಾಗಿಲ್ಲ. ಹಾಗಾದರೆ ಇದು ಏನು?

ನಾನು ಹೇಳಿದೆ ಅಂತ ಹೇಳಬೇಡ. ಹೇಳಿದರೂ ಹೇಳು.

ಅಮ್ಮ


ಸೆತೂಬಲ್, ೪ ಜೂನ್

ಅಪ್ಪಾ,

ಅಮ್ಮ ಬರೆದಿದ್ದಾಳೆ. ಅವಳ ಮೇಲೆ ಕೂಗಾಡಬೇಡಿ, ನಿಮಗೆ ಉಸಿರು ಸಾಲುವುದಿಲ್ಲ.

ನೀವು ಡಾಕ್ಟರಿಗೆ ಸುಳ್ಳು ಹೇಳಿದರೆ ಅವರು ಸುಳ್ಳಿಗೇ ಔಷಧ ಕೊಡುತ್ತಾರೆ. ಹಿಟ್ಟೇ ಆಗಿದ್ದರೆ? ಅಲ್ಲ ಅಂತ ಅವರು ಬರೆದುಕೊಟ್ಟ ಚೀಟಿ ಜೇಬಿನಲ್ಲಿಟ್ಟುಕೊಂಡು ನೀವು ದಿನಾ ಮೂಟೆ ಬಿಚ್ಚುತ್ತೀರಿ. ಒಂದು ಬೆಳಿಗ್ಗೆ ಉಸಿರು ಒಳಗೆ ಹೋಗಿ ಹೊರಗೆ ಬರುವುದಿಲ್ಲ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತು. ಆವತ್ತು ನಾನು ಮೂಟೆಗಳ ಹಿಂದೆ ಕೂತಿದ್ದಾಗ ಕೆಲಸ ತಪ್ಪಿಸಿಕೊಳ್ಳಲು ಅಡಗಿದ್ದಾಳೆ ಅಂದುಕೊಂಡಿರಿ. ನನಗೆ ಏಳಲಿಕ್ಕೇ ಆಗುತ್ತಿರಲಿಲ್ಲ.

ಹೋಗಿ ನಿಜ ಹೇಳಿ. ಹೇಳಿದರೆ ನಾನು ಕಫ ಕೊಡಲು ಬರುತ್ತೇನೆ. ಇಲ್ಲದಿದ್ದರೆ ಇಲ್ಲ.

ನೊಯೆಮಿಯಾ


ವಲೋಂಗು, ೨೮ ಜೂನ್

ಮಗಳೇ,

ಹೇಳಿದೆ. ಟೋಪಿ ಕೈಯಲ್ಲಿ ಹಿಡಿದು, ಪಾಪನಿವೇದನೆಗೆ ನಿಂತವನ ಹಾಗೆ.

ಡಾಕ್ಟ್ರಮ್ಮ ಕನ್ನಡಕ ತೆಗೆದರು. "ಹಾಗಾದ್ರೆ ಕೆಲಸದ ಕಫ ಅಂತ ನೀವು ಕೊಟ್ಟಿದ್ದು ರಜೆಯ ಕಫ."

"ಹೌದಮ್ಮ."

"ಹುಬ್ಬಿಗೆ ಹಿಟ್ಟು ಯಾಕೆ ಹಚ್ಕೊಂಡಿದ್ರಿ?"

"ಚೆನ್ನಾಗಿ ಕಾಣ್ಲಿ ಅಂತ."

ಈ ಸಲ ನಕ್ಕರು ನೋಡು. ಆಮೇಲೆ ಅಂದರು, "ಸರಿ, ಅದನ್ನ ರಜೆ ಅಂತಲೇ ಬರ್ಕೊಳ್ತೀನಿ. ಈಗ ನಿಜವಾಗ್ಲೂ ಕೆಲಸಕ್ಕೆ ಹೋಗಿ. ಇದರಲ್ಲಿ ಮೋಸ ಮಾಡಿದ್ರೆ ಮೋಸ ಹೋಗೋದು ನಾನಲ್ಲ."

ಅದಕ್ಕೆ ಈಗ ನಾದುತ್ತಿದ್ದೇನೆ. ದಿನಕ್ಕೆ ಹಲವು ಸಲ ಅವರು ಕೊಟ್ಟ ಉಸಿರು ಅಳೆಯುವ ಕೊಳವೆ ಊದುತ್ತೇನೆ. ಮುಳ್ಳು ಎಷ್ಟಕ್ಕೆ ಏರಿತು ಅಂತ ನೋಡಲು ಅಮ್ಮ ಹೆಗಲ ಹಿಂದೆ ನಿಂತಿರುತ್ತಾಳೆ. ಒಂದು ಸೀನು ಬಂದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಮೂಟೆ ಬಿಚ್ಚುವಾಗ ಹಳೇ ಗೆಳೆಯನ ಜೇಬಿನಲ್ಲಿ ಚಾಕು ಇದೆಯೋ ಅಂತ ಇಣುಕುವ ಹಾಗೆ ಇಣುಕುತ್ತೇನೆ. ಹಿಟ್ಟು ನನಗೆ ಏನೂ ಮಾಡಿಲ್ಲ ಮಗಳೇ, ಇದುವರೆಗೆ. ಆದರೆ ನಿನಗೂ ಮೊದಮೊದಲು ಏನೂ ಮಾಡಿರಲಿಲ್ಲವಲ್ಲ.

ಸಾಂ ಜುವಾಂವ್ ಹಬ್ಬದ ಸಂಜೆ ಬೀದಿಯುದ್ದಕ್ಕೂ ಸಾರ್ಡೀನ್ ಮೀನು ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಅಡೊಸಿಂಡಳ ಜಗಲಿಯಲ್ಲಿ ಕೂತುಬಿಟ್ಟೆ. ನಾಲ್ಕು ಜನ ಬೀಸಣಿಗೆ ಹಾಕಿದರು. "ಮೀನು ಕಂಡ್ರೆ ಓಡಿ ಬರೋನು, ಇವತ್ತು ಹೊಗೆಗೇ ಹೊಟ್ಟೆ ತುಂಬಿತಾ?" ಅಂತ ಅವಳು ಬೇರೆ. ನಗುವುದಕ್ಕೂ ಆಗಲಿಲ್ಲ ನನಗೆ.

ನೀನು ಕೇಳಿದ ಕ್ರಿಸ್‌ಮಸ್ಸಿನ ಕೆಮ್ಮು. ಆಗ ಒಣ ಸೌದೆ ಸಿಗದೆ ಹಸಿ ನೀಲಗಿರಿ ಕಟ್ಟಿಗೆ ಉರಿಸಿದ್ದೆ. ಭಟ್ಟಿ ಕೋಣೆ ತುಂಬ ಹೊಗೆ. ಅಷ್ಟೇ ಅಂದುಕೊಂಡಿದ್ದೇನೆ. ಅಷ್ಟೇನಾ ಅಂತ ಗೊತ್ತಿಲ್ಲದ್ದಕ್ಕೇ ಬರೆದಿರಲಿಲ್ಲ.

ಹತ್ತನೇ ತಾರೀಖು ಆಸ್ಪತ್ರೆಯಲ್ಲಿ ಸಿಗು.

ಅಪ್ಪ


ಸೆತೂಬಲ್, ೧೫ ಜುಲೈ

ಅಪ್ಪಾ,

ಡಾಕ್ಟರು ಮಾತಾಡುವಾಗ ನೀವು ಕಿಟಕಿಯ ಆಚೆ ನೋಡುತ್ತಿದ್ದಿರಿ. ಎಷ್ಟು ಕಿವಿಗೆ ಬಿತ್ತೋ ಗೊತ್ತಿಲ್ಲ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಹಿಟ್ಟಿನ ಮೇಲೆ ತಪ್ಪಿಲ್ಲ. ಚರ್ಮ ಒಂದಿಷ್ಟು ಕೆಂಪಾದ ಮಾತ್ರಕ್ಕೆ ಎದೆಯಲ್ಲೂ ಅದೇ ಇದೆ ಅಂತಲ್ಲವಂತೆ. ಹಿಟ್ಟಿನಲ್ಲಿದ್ದಾಗಿನ ನಿಮ್ಮ ಕಫ, ಇಸ್ಪೀಟು ಆಡುತ್ತಿದ್ದಾಗಿನ ಕಫ, ಎರಡೂ ಒಂದೇ. ಊದಿದ ಅಳತೆಯೂ ಬದಲಾಗಿಲ್ಲ. ಕೆಂಪು ಕಾಳಿನ ಕಣ ಅಲ್ಲೊಂದು ಇಲ್ಲೊಂದು. ತುಂಬಿರುವುದು ಸುಟ್ಟ ಗಾಯದ ಕಣಗಳು. ಬಕೆಟ್ಟಿನದೇ ಕೆಲಸ.

ನೀವು ಹೊರಗೆ ಹೋಗಿದ್ದಾಗ ಅವರು ನಮ್ಮಿಬ್ಬರ ಗಾಜಿನ ಪಟ್ಟಿಗಳನ್ನು ಒಂದಾದ ಮೇಲೊಂದು ತೋರಿಸಿದರು. ಇಷ್ಟು ವರ್ಷ ದೂರವಿದ್ದರೂ ನನ್ನದರಲ್ಲಿ ಕೆಂಪು ಕಾಳಿನವು ಒಂದಷ್ಟು ಕೂತಿವೆ, ಹಿಟ್ಟು ಯಾವಾಗ ಬರುತ್ತದೋ ಅಂತ ಕಾಯುತ್ತ. ಆದರೆ ನನ್ನ ಥರದವು ಔಷಧದ ಮಾತು ಕೇಳುತ್ತವೆ. ನಿಮ್ಮ ಥರದವು ಅಷ್ಟಾಗಿ ಕೇಳುವುದಿಲ್ಲವಂತೆ. ಉಸಿರಿನ ಕೊಳವೆಯ ಗೋಡೆ ಗಾಯ ಮಾಗಿದ ಹಾಗೆ ದಪ್ಪಗಾಗಿದೆ. ಇನ್ಹೇಲರ್ ಸ್ವಲ್ಪ ಸಡಿಲಿಸುತ್ತದೆ, ಪೂರ್ತಿ ಮೊದಲಿನಂತೆ ಆಗುತ್ತದೆ ಅಂತ ಅವರು ಮಾತು ಕೊಡುವುದಿಲ್ಲ.

ನೀವು ಕಿಟಕಿಯ ಕಡೆ ತಿರುಗಿದ್ದು ಅವರು ಮುಂದಿನದನ್ನು ಹೇಳುವಾಗ. ಇನ್ನು ಮೇಲೆ ಹೊಗೆ ಯಾವುದೂ ಕೂಡದು. ಮೀನಿನದೂ ಬೇಡ, ಸಿಗರೇಟಿನದೂ ಬೇಡ, ಭಟ್ಟಿಯದೂ ಬೇಡ. ಹಿಟ್ಟು ಮುಟ್ಟಬಹುದು. ಬೆಂಕಿ ಹೊತ್ತಿಸಬಾರದು, ಕೆಂಡ ಎಳೆಯಬಾರದು, ಭಟ್ಟಿಯ ಬಾಯಿಯ ಮುಂದೆ ನಿಲ್ಲಬಾರದು.

ನೀವು ಆಗ ಒಂದು ತಮಾಷೆಯನ್ನೂ ಮಾಡಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುವವರೆಗೂ ನಿಮ್ಮ ಉಬ್ಬಸವೂ ನನ್ನಂಥದೇ ಆಗಿರಲಿ ಅಂತ ಒಳಗೆಲ್ಲೋ ಇತ್ತು. ಯಾಕೆ ಅಂತ ಬರೆಯುವುದಿಲ್ಲ. ಆಗಿರಲಿಲ್ಲ.

ಪೋರ್ತೊದಲ್ಲಿ ಎರಡು ದಿನ ಇದ್ದೂ ಮನೆಗೆ ಬರಲಿಲ್ಲ ಅಂತ ಅಮ್ಮನಿಗೆ ಬೇಸರವಾಗಿರಬೇಕು. ರೈಲಿಗೆ ಹೊತ್ತಾಗಿತ್ತು ಅಂತ ಹೇಳಿ.

ನೊಯೆಮಿಯಾ


ವಲೋಂಗು, ೨೪ ಆಗಸ್ಟ್

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು, ಯಾರನ್ನು ಬೈಯಬೇಕೋ ತಿಳಿಯುತ್ತಿರಲಿಲ್ಲ. ಮೂರು ತಿಂಗಳು ಹಿಟ್ಟಿಗೆ ಹೆದರಿದೆ, ಹೊಡೆದದ್ದು ಹೊಗೆ.

ಆಸ್ಪತ್ರೆಯಿಂದ ಬಂದವನು ಬೇಕರಿ ಮುಚ್ಚಿ ಒಂದು ವಾರ ಮಹಡಿಯಲ್ಲಿ ಬಿದ್ದುಕೊಂಡೆ. ಒಂದು ಬೆಳಿಗ್ಗೆ ಚಿಮಣಿಯಿಂದ ಹೊಗೆ ಏಳುವುದು ಕಂಡಿತು. ಕೆಳಗೆ ಅಮ್ಮ ಭಟ್ಟಿ ಹೊತ್ತಿಸಿದ್ದಾಳೆ. ಬಾಗಿಲಲ್ಲೇ ನನ್ನನ್ನು ತಡೆದಳು.

"ಒಳಗೆ ಕಾಲಿಟ್ರೆ ಜೋಕೆ! ನೀನು ಉರಿ ಹಾಕೋದನ್ನ ಇಪ್ಪತ್ತೆಂಟು ವರ್ಷದಿಂದ ನೋಡಿದೀನಿ. ತಪ್ಪು ಯಾವ್ದು ಅಂತಲೂ ನೋಡಿದೀನಿ. ಹೋಗಿ ಹಿಟ್ಟು ಕಲಸು."

"ಎಲ್ಲಿ ಕಲಸಲಿ? ತಲೆ ಮೇಲಾ?"

ಡಾಕ್ಟ್ರಮ್ಮ ಹೇಳಿದ್ದು, ಹಿಟ್ಟಿನ ಕೆಲಸಕ್ಕೂ ಭಟ್ಟಿಗೂ ನಡುವೆ ಅಂಗಳದಷ್ಟು ದೂರ ಇರಲಿ ಅಂತ. ಅದಕ್ಕೆ ಅಂಗಳದ ಆಚೆ, ಹಿಂದೆ ಕತ್ತೆ ಕಟ್ಟುತ್ತಿದ್ದ ಕೊಟ್ಟಿಗೆಯನ್ನು ತೊಳೆದು ಗಾರೆ ಹಾಕಿಸಿದೆವು. ಮೂಟೆ, ಜರಡಿ, ನಾದುವ ತೊಟ್ಟಿ, ಎಲ್ಲ ಅಲ್ಲಿಗೆ ಹೋಯಿತು. ಕತ್ತೆಯ ಜಾಗಕ್ಕೆ ನಾನು ಬಂದದ್ದರಲ್ಲಿ ಊರಿನವರಿಗೆ ಅಂಥ ವ್ಯತ್ಯಾಸ ಕಂಡಿಲ್ಲ. ನಾನು ಅಲ್ಲಿ ಬ್ರೆಡ್ಡಿನ ಉಂಡೆ ಕಟ್ಟಿ, ಹಲಗೆಯ ಮೇಲಿಟ್ಟು, ಬಟ್ಟೆ ಹೊದಿಸಿ ಅಂಗಳದ ನಡುವೆ ಇಟ್ಟು ಬರುತ್ತೇನೆ. ಅಮ್ಮ ಒಯ್ದು ಭಟ್ಟಿಗೆ ಹಾಕುತ್ತಾಳೆ. ಬೆಂದದ್ದು ನನಗೆ ಕಾಣುವುದಿಲ್ಲ. ಮೊದಲ ದಿನ ಅಲ್ಲಿಂದಲೇ ಕೂಗಿದೆ, "ಬಣ್ಣ ಹೆಂಗ್ ಬಂತೇ?"

"ಬಂದ್ ನೋಡು," ಅಂದಳು. ಆಮೇಲೆ ತಾನೇ ಒಂದು ಬ್ರೆಡ್ಡು ಹಿಡಿದುಕೊಂಡು ಅಂಗಳ ದಾಟಿ ಬಂದಳು. ಈಗ ದಿನಾ ಒಂದು ತರುತ್ತಾಳೆ.

ಚೆನ್ನಾಗಿ ಬೇಯಿಸುತ್ತಾಳೆ. ಅವಳಿಗೆ ಹೇಳಬೇಡ.

ಮೊನ್ನೆ ಭಟ್ಟಿ ಕೋಣೆಯ ಮೇಲಿನ ನಿನ್ನ ಕೋಣೆಗೆ ಹೋಗಿದ್ದೆ. ಕಿಟಕಿಯ ಅಂಚಿನ ಮೇಲೆ ಬೆರಳು ಎಳೆದೆ. ಮೊದಲು ಅಲ್ಲಿ ಹೆಸರು ಬರೆಯುವಷ್ಟು ಹಿಟ್ಟು ಕೂರುತ್ತಿತ್ತು. ಈಗ ಕೈಗೆ ಏನೂ ಹತ್ತಲಿಲ್ಲ. ಅಮ್ಮ ಹಿಂದೆ ನಿಂತಿದ್ದಳು. "ಮಗಳು ಇದ್ದಾಗ್ಲೂ ಅಂಗಳ ಇತ್ತು, ಕೊಟ್ಟಿಗೆ ಆವಾಗ್ಲೂ ಇತ್ತು," ಅಂದಳು. ಒಂದೇ ಸಲ ಅಂದದ್ದು.

ಹಾಸಿಗೆ, ದಿಂಬು, ಪರದೆ ಎಲ್ಲ ಹೊಸದು. ನೆಲದ ಹಲಗೆ ಸಂದಿಗಳನ್ನು ಒದ್ದೆ ಬಟ್ಟೆಯಲ್ಲಿ ನಾನೇ ಮಂಡಿಯೂರಿ ಒರೆಸಿದ್ದೇನೆ, ಮಧ್ಯೆ ಮಧ್ಯೆ ಕೂತು ಉಸಿರು ತೆಗೆದುಕೊಂಡು. ಹಳೇ ಹಿಟ್ಟು ಎಲ್ಲೋ ಸಿಕ್ಕಿಕೊಂಡೇ ಇರಬಹುದು, ಇಲ್ಲ ಅಂತ ಹೇಳಲಾರೆ. ಕೊಟ್ಟಿಗೆಗೆ ಹೋದ ಅಂಗಿಯಲ್ಲಿ ನಾನು ಮೆಟ್ಟಿಲು ಹತ್ತುವುದಿಲ್ಲ.

ಒಂದು ರಾತ್ರಿ ಮಲಗಿ ನೋಡು. ಎದೆ ಬಿಗಿದರೆ ಎದ್ದು ಹೋಗು, ನಾನು ಏನೂ ಕೇಳುವುದಿಲ್ಲ, ಅಂಗಡಿಯಲ್ಲಿ ಯಾರಿಗೂ ಹೇಳಿ ನಗಿಸುವುದಿಲ್ಲ. ನೀನು ಬರುವ ದಿನ ಮುಂಬಾಗಿಲಿಗೆ ಚಿಲಕ ಹಾಕಬೇಡ ಅಂತ ಅಡೊಸಿಂಡಳಿಗೂ ಹೇಳಿಟ್ಟಿದ್ದೇನೆ.

ಅಪ್ಪ